ಕೊಳದಡಿಯ ಬುದ್ಧ, ದಂಡೆಯ ಮೇಲೆ ಅನುಮಾನದಕ್ಕ

ಪೂರ್ತಿ ಬೆಳಕು ಹರಿದಿಲ್ಲ. ತಾವರೆಕೊಳದ ದಂಡೆಯಲ್ಲಿ, ತಗಡಿನ ಚಪ್ಪರದ ಕೆಳಗೆ, ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಚಪ್ಪಲಿ ಇಡುವ ಮರದ ಗೂಡುಗಳೊಳಗೆ ಒಂದೊಂದಾಗಿ ಕೈ ಹಾಕಿ ತಡವಿ ನೋಡುತ್ತಿದ್ದಾರೆ. ನಿನ್ನೆ ಸಂಜೆ ಎಲ್ಲ ಗೂಡುಗಳೂ ಖಾಲಿ ಇರುವುದನ್ನು ಕಣ್ಣಾರೆ ಕಂಡೇ ಮನೆಗೆ ಹೋದವರು ಇವರು. ಗೇಟಿನ ಬೀಗದ ಕೈ ರಾತ್ರಿಯೆಲ್ಲ ಇವರ ದಿಂಬಿನಡಿಯಲ್ಲೇ ಇತ್ತು. ಆದರೂ ಕೈ ಹಾಕಿ ನೋಡದೆ ಇವರ ದಿನ ಶುರುವಾಗುವುದಿಲ್ಲ.

"ನಿನ್ನೆ ಖಾಲಿ ಇದ್ದಿದ್ದು ನಿನ್ನೆಗೆ," ಎನ್ನುತ್ತಾರೆ, ಮೂಲೆಯ ಗೂಡಿನಿಂದ ಒಣಗಿದ ಎಲೆಯೊಂದನ್ನು ತೆಗೆದು ಎರಡೂ ಬದಿ ತಿರುಗಿಸಿ ನೋಡುತ್ತ. "ರಾತ್ರಿ ಯಾರು ಬಂದ್ರೋ, ಏನಿಟ್ರೋ. ನಾವೇನು ಕಂಡ್ವಾ?"

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಅನುಮಾನದಕ್ಕ ಎಂದು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಪೂರ್ತಿ ಹೆಸರು. ಅದು ಅವರಿಗೂ ಗೊತ್ತು, ಬೇಜಾರೇನೂ ಇಲ್ಲ. ಕೊಳದಡಿಯ ಬುದ್ಧ ಮಂದಿರಕ್ಕೆ ಬರುವ ಪ್ರವಾಸಿಗರ ಚಪ್ಪಲಿ, ಶೂಗಳನ್ನು ಕಾಯುವುದು ಅವರ ಕೆಲಸ. ಮಂದಿರ ಕಟ್ಟಿದವರ ಹೆಸರು ಫಲಕದ ಮೇಲಿದೆ, ಅದನ್ನು ನೋಡಿ ಹೊಗಳಿದ ದೊಡ್ಡವರ ಮಾತುಗಳು ಚೌಕಟ್ಟಿನೊಳಗಿವೆ. ಅಕ್ಕನ ಹೆಸರು ಎಲ್ಲೂ ಇಲ್ಲ. ಇದನ್ನು ಬರೆಯಲು ಬಂದವರನ್ನೂ ಅವರು ಸುಲಭಕ್ಕೆ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಗುರುತಿನ ಚೀಟಿ ಕೇಳಿದರು. ಅದರಲ್ಲಿದ್ದ ಫೋಟೊವನ್ನೂ ಎದುರಿಗಿದ್ದ ಮುಖವನ್ನೂ ಎರಡೆರಡು ಸಲ ತಾಳೆ ಹಾಕಿದರು. ಆಮೇಲೂ "ಫೋಟೊದಲ್ಲಿ ಕನ್ನಡಕ ಇಲ್ವಲ್ಲ?" ಎಂದು ಒಂದು ಕೊಕ್ಕೆ ಹಾಕಿದರು.

ಈ ಮಂದಿರದ ವಿಷಯದಲ್ಲಿ ಅನುಮಾನ ಬರುವುದು ಅಕ್ಕ ಒಬ್ಬರಿಗೇ ಅಲ್ಲ. ಬಸ್ಸಿಳಿದ ಪ್ರವಾಸಿಗರು ಮೊದಲು ಮಾಡುವ ಕೆಲಸವೇ ಸುತ್ತ ನೋಡಿ ಮುಖ ಗಂಟಿಕ್ಕುವುದು. ಗೋಪುರವಿಲ್ಲ, ಗಂಟೆಯಿಲ್ಲ, ಕಣ್ಣಿಗೆ ಕಾಣುವಂಥ ಒಂದು ಗೋಡೆಯೂ ಇಲ್ಲ. ದುಂಡನೆಯ ಕೊಳ, ಅದರ ತುಂಬ ತಾವರೆ, ಪಕ್ಕದಲ್ಲಿ ನೆಲದೊಳಕ್ಕೆ ಇಳಿಯುವ ಎರಡು ಕಾಂಕ್ರೀಟ್ ಮೆಟ್ಟಿಲ ಸಾಲು, ಅಷ್ಟೇ. "ಮಂದಿರ ಎಲ್ಲಿ?" ಎಂದು ಕೇಳುತ್ತಾರೆ. ಅಕ್ಕ ನೀರಿನ ಕಡೆ ಕೈ ತೋರಿಸುತ್ತಾರೆ. ಕೆಲವರು ಅಕ್ಕ ತಮಾಷೆ ಮಾಡುತ್ತಿದ್ದಾರೆಂದು ಸಿಡುಕುತ್ತಾರೆ. ಇನ್ನು ಕೆಲವರು ಬಸ್ಸಿನವನು ಚೆನ್ನಾಗಿ ಟೋಪಿ ಹಾಕಿದ ಎಂದು ಬೈದುಕೊಂಡು ವಾಪಸು ಹೊರಡುತ್ತಾರೆ.

ಮಂದಿರ ನಿಜವಾಗಿಯೂ ಕೊಳದ ಕೆಳಗಿದೆ. ಒಂದು ಮೆಟ್ಟಿಲಲ್ಲಿ ಇಳಿದರೆ ಬಾಗಿ ಬಾಗಿ ಹೋಗುವ ಉದ್ದನೆಯ ಓಣಿ. ಅಲ್ಲಿ ದೀಪ ಹಚ್ಚುವಂತಿಲ್ಲ, ಮೊಬೈಲ್ ತೆಗೆಯುವಂತಿಲ್ಲ. ಬಲಗೈಯನ್ನು ಗೋಡೆಗೆ ತಾಗಿಸಿಕೊಂಡು ಕತ್ತಲಲ್ಲಿ ಹೆಜ್ಜೆ ಹಾಕಬೇಕು, ಅದು ಇಲ್ಲಿಯ ನಿಯಮ. ದಾರಿ ಮುಗಿಯುವುದೇ ಇಲ್ಲವೇನೋ ಅನ್ನಿಸುವ ಹೊತ್ತಿಗೆ ಓಣಿ ಮುಗಿದು ದೊಡ್ಡ ಹಜಾರ ಸಿಗುತ್ತದೆ. ಕೊಳದ ತಳಕ್ಕೆ ಕೂರಿಸಿದ ದಪ್ಪ ಗಾಜಿನ ಮೂಲಕ ಬಿಸಿಲು ನೀರನ್ನು ಹಾಯ್ದು ಕೆಳಗಿಳಿಯುತ್ತದೆ, ಅದರಡಿ ಬುದ್ಧ ಕೂತಿದ್ದಾನೆ. ಮೇಲೆ ನೀರು ಅಲುಗಿದರೆ ಅವನ ಮುಖದ ಬೆಳಕೂ ಅಲುಗುತ್ತದೆ. ಸುತ್ತಲಿನ ಮನೆಗಳವರು ಕೊಟ್ಟ ಹಳೆಯ ನಲ್ಲಿ, ಬೀಗ, ಬಾಗಿಲ ಹಿಡಿಗಳನ್ನು ಕರಗಿಸಿ ಎರಕ ಹೊಯ್ದ ಬುದ್ಧ. ಎಡ ಮಂಡಿಯ ಹತ್ತಿರ ಒಂದು ಬೀಗದ ಕಿಂಡಿ ಕರಗದೆ ಹಾಗೇ ಉಳಿದಿದೆ, ಮಕ್ಕಳು ಅದಕ್ಕೆ ಬೆರಳು ತೂರಿಸುತ್ತಾರೆ. ಹಜಾರದ ಆಚೆ ಬದಿಯಿಂದ ಎರಡನೇ ಮೆಟ್ಟಿಲು ಹತ್ತಿದರೆ ಮತ್ತೆ ಅಕ್ಕನ ಚಪ್ಪರದ ಮುಂದೆಯೇ ಬಂದು ನಿಲ್ಲುತ್ತೀರಿ.

ಆಗ ಅಕ್ಕನೂ ಒಂದು ಬೀಗ ಕೊಟ್ಟಿದ್ದರೇ?

"ನಾನ್ಯಾಕೆ ಕೊಡ್ಲಿ? ಬುದ್ಧನಿಗೆ ಬೀಗ ಕೊಟ್ಟು ನಾನು ಬಾಗಿಲು ತೆಗೆದಿಟ್ಕೊಂಡು ಮಲಗ್ಲಾ? ಒಂದು ಹಳೇ ನಲ್ಲಿ ಕೊಟ್ಟೆ. ಅದೂ ಸೋರ್ತಿತ್ತು ಅಂತ."

ಸಾಮಾನ್ಯ ದಿನದಲ್ಲಿ ಇನ್ನೂರು ಜೊತೆ, ರಜೆ ಬಂದರೆ ಅದರ ಮೂರರಷ್ಟು. ಚಪ್ಪಲಿಗೊಂದು ಮರದ ಬಿಲ್ಲೆ, ಅದೇ ಗುರುತಿನ ಇನ್ನೊಂದು ಬಿಲ್ಲೆ ಬಂದವರ ಕೈಗೆ. ಬೇರೆಯವರಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕನಿಗೆ ಬಿಲ್ಲೆಯ ಮೇಲೂ ನಂಬಿಕೆ ಇಲ್ಲ, ಅದು ಯಾರ ಕೈಗೆ ಬೇಕಾದರೂ ಸಿಗಬಹುದಲ್ಲ. ಇಳಿಯುವವರನ್ನು "ಎಷ್ಟು ಹೊತ್ತು ಒಳಗಿರ್ತೀರಿ?" ಎಂದು ಕೇಳುತ್ತಾರೆ. ಹತ್ತಿ ಬಂದವರನ್ನು "ನಿಮ್ಮ ಚಪ್ಪಲಿ ಬಣ್ಣ ಏನು?" ಎಂದು ಕೇಳುತ್ತಾರೆ. ಶೂ ಕೊಟ್ಟರೆ ಮಗುಚಿ ಕೊಡವುತ್ತಾರೆ. ಧ್ಯಾನಕ್ಕೆಂದು ಮನಸ್ಸು ಹದ ಮಾಡಿಕೊಂಡು ಬಂದವರಿಗೆ ಇದು ಮೈಯೆಲ್ಲ ಉರಿಸುತ್ತದೆ.

ಕೆಲಸ ಹಗುರದ್ದಲ್ಲ. ಬಗ್ಗಿ ಏಳುವುದರಲ್ಲೇ ಸಂಜೆ ಸೊಂಟ ಬಿದ್ದುಹೋಗಿರುತ್ತದೆ. ಮಳೆಯ ದಿನ ಕೆಸರು, ಬಿಸಿಲ ದಿನ ಬೆವರಿನ ನಾತ. ಕೈಗೆ ಕೊಡುವವರು ಕಡಿಮೆ, ಕಾಲಲ್ಲೇ ಮುಂದಕ್ಕೆ ತಳ್ಳುವವರು ಹೆಚ್ಚು. "ಅವ್ರು ನನ್ನ ಮುಖ ನೋಡಲ್ಲ," ಎನ್ನುತ್ತಾರೆ ಅಕ್ಕ. "ಅದಕ್ಕೇ ನಾನು ಅವ್ರ ಮುಖ ನೋಡಿ ಇಟ್ಕೊಳ್ಳೋದು."

ಕಳೆದ ಚಳಿಗಾಲದಲ್ಲಿ ಈ ನೋಡಿ ಇಟ್ಟುಕೊಳ್ಳುವುದೇ ಅವರ ಕೆಲಸಕ್ಕೆ ಕುತ್ತು ತಂದಿತು. ದೊಡ್ಡ ಕಾರಿನಲ್ಲಿ ಬಂದ ಗಣ್ಯರೊಬ್ಬರು ಮಂದಿರ ನೋಡಿ ಬರಿಗಾಲಲ್ಲೇ ಕಾರು ಹತ್ತಿ ಕೂತು, ಬಿಲ್ಲೆ ಕೊಟ್ಟು ಚಾಲಕನನ್ನು ಕಳಿಸಿದರು. ಅಕ್ಕ ಶೂ ಕೊಡಲಿಲ್ಲ. "ಇದನ್ನ ಹಾಕ್ಕೊಂಡು ಬಂದ ಕಾಲು ಬೇರೆ, ಅದನ್ನ ಕರ್ಕೊಂಡು ಬನ್ನಿ" ಎಂದರು. ಗಣ್ಯರು ಜಲ್ಲಿಕಲ್ಲಿನ ಮೇಲೆ ಕುಂಟುತ್ತ ಬಂದು ಶೂ ತಗೊಂಡು ಹೋದರು, ಹೋದ ಕೂಡಲೇ ದೂರು ಕೊಟ್ಟರು. ಮಂದಿರದ ವ್ಯವಸ್ಥಾಪಕರು ಅಕ್ಕನನ್ನು ಕರೆಸಿದರು. "ಅಕ್ಕ, ಜನ ಇಲ್ಲಿಗೆ ಶಾಂತಿ ಹುಡುಕ್ಕೊಂಡು ಬರ್ತಾರೆ. ನೀವು ಠಾಣೆ ಮಾಡಿಟ್ಟಿದ್ದೀರಿ. ಇನ್ನೊಂದು ಗಲಾಟೆ ಆದ್ರೆ ಮಾರನೇ ದಿನದಿಂದ ಬರೋದು ಬೇಡ" ಎಂದು ಖಡಾಖಂಡಿತವಾಗಿ ಹೇಳಿದರು. ಅಕ್ಕನ ಮನೆಯಲ್ಲಿ ದುಡಿಯುವುದು ಅಕ್ಕ ಒಬ್ಬರೇ. ಮಗಳು ಇನ್ನೂ ಓದುತ್ತಿದ್ದಳು. ಅವತ್ತಿನಿಂದ ಅಕ್ಕ ಬಾಯಿಗೆ ಬಂದ ಪ್ರಶ್ನೆಗಳನ್ನು ನುಂಗಿಕೊಂಡು ಕೂರಲು ನೋಡಿದರು.

ಅದೇ ವಾರ ಒಂದು ಮಧ್ಯಾಹ್ನ ಒಬ್ಬ ಪ್ರವಾಸಿ ಬಂದ. ಒಂಟಿ ಮನುಷ್ಯ, ಹೆಗಲಿಗೆ ಬಟ್ಟೆಯ ಚೀಲ. ಎಷ್ಟು ಹೊತ್ತು ಎಂದು ಕೇಳಬಾರದೆಂದುಕೊಂಡೇ ಅಕ್ಕ ಕೇಳಿಬಿಟ್ಟರು. ಅವನು ಮೆಟ್ಟಿಲ ಕಡೆ ನೋಡುತ್ತ "ಗೊತ್ತಿಲ್ಲ" ಎಂದ, ಇಳಿದು ಹೋದ.

"ಎಲ್ಲರೂ ಅರ್ಧ ಗಂಟೆ ಅಂತಾರೆ, ಒಂದು ಗಂಟೆ ಅಂತಾರೆ. ಗೊತ್ತಿಲ್ಲ ಅಂದೋನು ಅವನೊಬ್ಬನೇ. ಇವನು ಏನೋ ಲೆಕ್ಕ ಹಾಕ್ಕೊಂಡೇ ಬಂದಿದ್ದಾನೆ ಅನ್ನಿಸ್ತು."

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಗೂಡಿನಲ್ಲಿ ಒಂದು ಜೊತೆ ಚಪ್ಪಲಿ ಉಳಿಯಿತು. ಅವನದೇ. ಕಿರಿಯ ಭಿಕ್ಕು ಒಬ್ಬರು ಕೊನೆಯ ಸುತ್ತು ಹಾಕಿ ಬಂದು, ಒಳಗೆ ಯಾರೂ ಇಲ್ಲ ಎಂದರು. ವ್ಯವಸ್ಥಾಪಕರು ಚಪ್ಪಲಿಯತ್ತ ಒಮ್ಮೆ ನೋಡಿ, "ಹಳೇದು. ಇಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಹೋಗಿರ್ತಾರೆ. ಬೀಗ ಹಾಕಿ" ಎಂದರು.

ಚಪ್ಪಲಿ ಹಳೆಯದೇ, ಆದರೆ ಹೆಬ್ಬೆರಳು ತೂರಿಸುವ ಉಂಗುಷ್ಠಕ್ಕೆ ಹೊಸದಾಗಿ ಹೊಲಿಗೆ ಬಿದ್ದಿತ್ತು. ಬಿಟ್ಟು ಹೋಗುವವನು ಹೊಲಿಸುತ್ತಾನೆಯೇ? ಅಕ್ಕನ ತಲೆಯಲ್ಲಿ ಕಥೆ ಪೂರ್ತಿಯಾಯಿತು. ಇವನು ಕಳ್ಳ. ಒಳಗೆಲ್ಲೋ ಅಡಗಿ ಕೂತಿದ್ದಾನೆ. ಬೀಗ ಬಿದ್ದ ಮೇಲೆ ಕಾಣಿಕೆ ಡಬ್ಬಿ ಒಡೆಯುತ್ತಾನೆ, ಬೆಳಿಗ್ಗೆ ಗುಂಪಿನ ಜೊತೆ ಸೇರಿ ಜಾರಿಕೊಳ್ಳುತ್ತಾನೆ. ತಪ್ಪು ಬಂದು ಕೂರುವುದು ಬೀಗದ ಕೈ ಇಟ್ಟುಕೊಂಡವಳ ತಲೆಯ ಮೇಲೆ.

"ಕೊನೇ ಸುತ್ತು ಹೆಂಗೆ ಹಾಕಿದ್ರಿ?" ಎಂದು ಕಿರಿಯ ಭಿಕ್ಕುವನ್ನು ಕೇಳಿದರು. ಎಲ್ಲರೂ ಹಾಕುವ ಹಾಗೆ, ಬಲಗೈ ಗೋಡೆಯ ಮೇಲಿಟ್ಟುಕೊಂಡು, ಕತ್ತಲಲ್ಲಿ. ಓಣಿಯಲ್ಲಿ ದೀಪ ಹಚ್ಚಬಾರದೆಂಬ ನಿಯಮ ಭಿಕ್ಕುಗಳಿಗೂ ಇತ್ತು. ಮಂದಿರ ತೆರೆದಾಗಿನಿಂದ ಪ್ರತಿ ಸಂಜೆ ಹೀಗೇ ತಡವಿಕೊಂಡೇ ಬಾಗಿಲು ಹಾಕುತ್ತಿದ್ದರು.

"ಟಾರ್ಚ್ ಹಿಡ್ಕೊಂಡು ನೋಡ್ಬೇಕು" ಎಂದರು ಅಕ್ಕ. ವ್ಯವಸ್ಥಾಪಕರ ಮುಖ ಕೆಂಪಾಯಿತು. ಎಲ್ಲರೂ ಭಂತೇ ಎಂದು ಕರೆಯುವ ಹಿರಿಯ ಭಿಕ್ಕು ಸಂಜೆಯ ಧ್ಯಾನದಲ್ಲಿದ್ದರು. ಅವರನ್ನು ಎಬ್ಬಿಸದೆ ಆ ನಿಯಮ ಮುರಿಯುವಂತಿರಲಿಲ್ಲ. "ಎಬ್ಬಿಸ್ತೀನಿ. ಒಳಗೆ ಯಾರೂ ಇಲ್ದೇ ಹೋದ್ರೆ?" ಎಂದು ವ್ಯವಸ್ಥಾಪಕರು ಕೇಳಿದರು.

"ನಾಳೆಯಿಂದ ನಾನು ಬರಲ್ಲ."

ಹೇಳುವಾಗ ಧೈರ್ಯವಾಗಿಯೇ ಹೇಳಿದರಂತೆ. ಭಂತೇ ಎದ್ದು ಬರುವಷ್ಟು ಹೊತ್ತು ಮಾತ್ರ ಮಗಳ ಮುಖವೇ ಕಣ್ಣ ಮುಂದೆ ಇತ್ತಂತೆ. ಹಿರಿಯ ಭಂತೇ ಸಿಟ್ಟಾಗಲಿಲ್ಲ. "ತಾಯಿ, ನಾವು ಆ ಕತ್ತಲನ್ನ ನಂಬಿದ್ದೀವಿ" ಎಂದರು.

"ನೀವು ನಂಬಿ ಭಂತೇ, ನಿಮ್ಮ ದಾರಿ ಅದು. ನನಗೆ ಒಂದೇ ಒಂದು ಸಲ ನೋಡೋಕೆ ಬಿಡಿ."

ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಪೊರಕೆಯ ಕೋಲು ಹಿಡಿದು ಅಕ್ಕ ಮುಂದೆ ಇಳಿದರು. ಹಿಂದೆ ಭಂತೇ, ಅವರ ಹಿಂದೆ ಹಲ್ಲು ಕಚ್ಚಿಕೊಂಡು ವ್ಯವಸ್ಥಾಪಕರು. ಓಣಿಯ ನಡುವಿನ ತಿರುವಿನಲ್ಲಿ, ಯಾರೂ ಕೈ ತಾಗಿಸದ ಎಡಗಡೆಯಲ್ಲಿ, ಗೋಡೆ ಒಳಕ್ಕೆ ಸರಿದು ಒಂದು ಮೂಲೆ ಇತ್ತು. ದಣಿದವರು ಕೂರಲೆಂದು ಅಲ್ಲೊಂದು ಕಲ್ಲುಬೆಂಚು. ಬೆಂಚಿಗೂ ಗೋಡೆಗೂ ನಡುವೆ ಅವನು ಮುದುಡಿ ಬಿದ್ದಿದ್ದ. "ಏಯ್, ಏಳು ಮೇಲೆ" ಎಂದು ಅಕ್ಕ ಗದರಿ ಕೋಲು ಎತ್ತಿದರು. ಅವನು ಏಳಲಿಲ್ಲ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು, ಮುಟ್ಟಿದರೆ ಮೈ ಮಂಜು. ಅಕ್ಕನ ಕೈಯಿಂದ ಕೋಲು ಬಿತ್ತು. ವ್ಯವಸ್ಥಾಪಕರೇ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದರು.

ಸಕ್ಕರೆ ಕಾಯಿಲೆಯವನು. ಬೆಳಿಗ್ಗೆಯಿಂದ ಏನೂ ತಿನ್ನದೆ ಔಷಧಿ ಮಾತ್ರ ತಗೊಂಡು ಪ್ರಯಾಣ ಮಾಡಿದ್ದ. ಕತ್ತಲಲ್ಲಿ ತಲೆ ತಿರುಗಿ, ಎಡಗಡೆಗೆ ಹೊರಳಿ ಆ ಮೂಲೆಗೆ ಬಿದ್ದಿದ್ದ. ಅವನಿಂದ ಎರಡು ಮಾರು ದೂರದಲ್ಲೇ ಆ ಮಧ್ಯಾಹ್ನವೆಲ್ಲ ಹತ್ತಾರು ಜನ ಬಲಗೋಡೆ ಹಿಡಿದು ದಾಟಿ ಹೋಗಿದ್ದರು. ಬೆಳಗಿನ ತನಕ ಹಾಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯವರು.

ಕೆಲವು ದಿನದ ನಂತರ ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ಹಿರಿಯ ಭಂತೇ ಅಕ್ಕನ ಕರುಣೆಯ ಬಗ್ಗೆ ಮಾತಾಡಿದರು. ಪರರ ನೋವನ್ನು ಕಾಣದೆಯೂ ಅರಿತ ಹೃದಯ ಎಂದರು. ಹಿಂದಿನ ಸಾಲಿನಲ್ಲಿದ್ದ ಅಕ್ಕ ಎದ್ದು ನಿಂತರು. "ಭಂತೇ, ಸುಳ್ಳಾಗಬಾರದು. ಕರುಣೆ ಎಲ್ಲ ಇರ್ಲಿಲ್ಲ. ನಾನು ಅವನನ್ನ ಕಳ್ಳ ಅಂದ್ಕೊಂಡೇ ಇಳಿದಿದ್ದು. ಎದ್ದಿದ್ರೆ ಕೋಲಲ್ಲಿ ಎರಡು ಬಿಟ್ಟೇ ಬಿಡ್ತಿದ್ದೆ." ಭಂತೇ ಜೋರಾಗಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲವಂತೆ.

ಈಗ ಕೊನೆಯ ಸುತ್ತು ಹಾಕುವುದು ಅಕ್ಕನೇ, ಟಾರ್ಚು ಹಿಡಿದು. ದೂರುಗಳು ಈಗಲೂ ಬರುತ್ತವೆ. ವ್ಯವಸ್ಥಾಪಕರು ಓದಿ ಪಕ್ಕಕ್ಕಿಡುತ್ತಾರೆ. ಆ ಪ್ರವಾಸಿ ಹೆಂಡತಿಯನ್ನು ಕರೆದುಕೊಂಡು ಒಮ್ಮೆ ಬಂದಿದ್ದ. ಅವಳು ಅಕ್ಕನ ಎರಡೂ ಕೈ ಹಿಡಿದು ಬಹಳ ಹೊತ್ತು ನಿಂತಿದ್ದಳು. "ನನ್ನನ್ನ ಕಳ್ಳ ಅಂದ್ಕೊಂಡಿದ್ರಂತೆ ಅಕ್ಕ?" ಎಂದು ಅವನು ನಕ್ಕ. ಅಕ್ಕನಿಗೆ ನಗು ಬರಲಿಲ್ಲ. "ಹೌದಪ್ಪ. ಇವತ್ತು ತಿಂಡಿ ತಿಂದಿದ್ದೀಯಾ? ಏನು ತಿಂದೆ? ಆ ಚೀಲದಲ್ಲಿ ಏನಿದೆ ತೋರ್ಸು" ಎಂದರಂತೆ. ಚೀಲದಲ್ಲಿ ಬಾಳೆಹಣ್ಣು ಕಂಡ ಮೇಲೆಯೇ ಬಿಲ್ಲೆ ಕೊಟ್ಟಿದ್ದು.

ಇಷ್ಟೊಂದು ಅನುಮಾನ ಎಲ್ಲಿಂದ ಬಂತು ಎಂದು ಕೇಳಿದರೆ ಅಕ್ಕ, ಮೊದಲು ಬಟ್ಟೆ ಅಂಗಡಿಯ ಬಾಗಿಲಲ್ಲಿ ಗಿರಾಕಿಗಳ ಚೀಲ ನೋಡುವ ಕೆಲಸ ಮಾಡಿದ್ದೆ, ಅಲ್ಲಿ ಅಂಟಿದ್ದು ಎಂದು ಮಾತು ಹಾರಿಸುತ್ತಾರೆ. ಬುತ್ತಿ ತಂದುಕೊಟ್ಟು ಪಕ್ಕದಲ್ಲೇ ಕೂತಿದ್ದ ಮಗಳು ತಡೆಯುತ್ತಾಳೆ. "ಅಲ್ಲಿ ಅಲ್ಲ. ಅಮ್ಮ ಮೊದ್ಲು ಹೀಗಿರ್ಲಿಲ್ಲ. ಅಪ್ಪ ಗೋಡೆಗಳಿಗೆ ಬಣ್ಣ ಹೊಡೀತಿದ್ರು. ಮೂರನೇ ಮಹಡಿಗೆ ಕಟ್ಟಿದ್ದ ಹಲಗೆ ಗಟ್ಟಿ ಇದೆ, ಹತ್ತು ಅಂದ್ರಂತೆ ಅಲ್ಲಿದ್ದೋರು. ಅಪ್ಪ ಹತ್ತಿದ್ರು, ಮತ್ತೆ ಮನೆಗೆ ಬರ್ಲಿಲ್ಲ."

ಅಕ್ಕ ಕೈಯಲ್ಲಿದ್ದ ಚಪ್ಪಲಿಯ ಧೂಳನ್ನು ಸೆರಗಿನಲ್ಲಿ ಒರೆಸುತ್ತಾರೆ. ಮಗಳ ಕಡೆಯೂ ನೋಡುವುದಿಲ್ಲ, ಬರೆದುಕೊಳ್ಳುತ್ತಿರುವವರ ಕಡೆಯೂ ನೋಡುವುದಿಲ್ಲ.

"ಯಾರು ಏನು ಹೇಳಿದ್ರೂ ನಂಬೋರು ಅವ್ರು," ಎನ್ನುತ್ತಾರೆ. "ಅಷ್ಟು ಜನ ಇದ್ರು ಅಲ್ಲಿ. ಒಬ್ರಾದ್ರೂ ಆ ಹಲಗೆ ಅಲ್ಲಾಡ್ಸಿ ನೋಡ್ಬಾರ್ದಿತ್ತಾ?"