ಅತ್ತೆ ನುಂಗಿದ ಗುಟುಕು

ಒಲೆಯ ಮೇಲೆ ಜೋಳದ ಅಂಬಲಿ ಕುದಿಯುತ್ತಿದೆ. ಆ ಹುಳಿವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಗದ್ದ ತಾನಾಗಿಯೇ ಎದೆಗೆ ತಾಗುತ್ತದೆ. ನಗಬೇಡಿ, ಕಾರಣವಿದೆ.

ನಾನು ಅಣಕಿಸದ ಪ್ರಾಣಿಯಿಲ್ಲ. ಗೌಡರ ಕೆಮ್ಮು, ಕುಂಪಣಿ ಸಾಹೇಬನ ಅರೆಗನ್ನಡ, ಯಾರೂ ಸಿಗದ ದಿನ ನನ್ನದೇ ಕೊಕ್ಕರೆ ನಡಿಗೆ. ಗಜೇಂದ್ರಗಡದ ಸೋದರತ್ತೆ ನೀಲವ್ವ ನನ್ನನ್ನು ಹೆಸರು ಹಿಡಿದು ಕರೆದವಳೇ ಅಲ್ಲ. 'ಮಂಗ್ಯಾ' ಎಂದರೆ ನಾನು. ಸಂತೆಯಲ್ಲಿ ಅವಳು ಸೀರೆ ಮಾರಲು ಕೂಗಿದರೆ ಗುಡ್ಡದ ಕೋಟೆಯೂ ಓಗೊಡುತ್ತಿತ್ತು. "ಎದ್ಯಾಗ ಗುಬ್ಬಿ ಪಟಪಟ ಅಂತಾವಲೇ" ಎನ್ನುತ್ತಿದ್ದಳು ಆಗಾಗ. ನಾನು ರೆಕ್ಕೆ ಬಡಿದು ತೋರಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವಳ ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೆ ಹೋದವು. ಸುದ್ದಿ ಕೇಳಿ ನನ್ನೂರು ರೋಣದಿಂದ ಬಂಡಿ ಹೂಡಿಕೊಂಡು ಓಡಿದೆ. ವೈದ್ಯರು ನಾಡಿ ಹಿಡಿದು, "ತಾಳ ತಪ್ಪೇತ್ರಿ. ಎದ್ಯಾಗ ನಿಂತ ನೆತ್ತರ ಹೆಪ್ಪಗಟ್ಟಿ ತಲಿಗೆ ಹೋಗೇತಿ" ಎಂದರು. ಕೇಳಿದ್ದೇ ತಡ, ಬಳಗವೆಲ್ಲ ಗಂಗಾಜಲ ಹಿಡಿದು ಬಂದಿಳಿಯಿತು. ಸಾಯುವವರ ಬಾಯಿಗೆ ಬಿಡಬೇಕಲ್ಲ! ನರಗುಂದದವರದು ಒಂದು ಚಮಚ, ಮುಶಿಗೇರಿಯವರದು ಒಂದು. ಅಂಗಾತ ಮಲಗಿದವಳ ಬಾಯಿಗೆ ನೀರು ಬಿದ್ದಾಗಲೆಲ್ಲ ಕೆಮ್ಮು ಹತ್ತಿ ಮುಖ ಕಪ್ಪಿಡುತ್ತಿತ್ತು. ಜ್ವರವೂ ಏರಿತು.

"ನೀರಿಗೂ ಒಲ್ಲೆ ಅಂತಾಳ. ಇನ್ನ ಉಳಿಯೂದ ಎಲ್ಲೀದು?" ನರಗುಂದದ ಚಿಗವ್ವ ಬಾಯಿಗೆ ಸೆರಗಿಟ್ಟಳು.

ನನಗೆ ಅಳಲು ಬರುವುದಿಲ್ಲ, ಅಣಕಿಸಲು ಬರುತ್ತದೆ. ಅತ್ತೆಯ ಪಕ್ಕ ಅಂಗಾತ ಮಲಗಿ, ಬಲಗೆನ್ನೆ ಜೋಲುಬಿಟ್ಟು, ನಾಲಿಗೆ ಸಡಿಲಿಸಿ ನೀರು ಸುರಿದುಕೊಂಡೆ. ನೀರು ನೆಟ್ಟಗೆ ಉಸಿರಿನ ದಾರಿ ಹಿಡಿಯಿತು! ಕೆಮ್ಮಿ ಕೆಮ್ಮಿ ಕಣ್ಣುಗುಡ್ಡೆ ಹೊರಬಂದವು.

"ಹೇಸಿ! ಸಾಯಾಕೀನೂ ಅಣಕಸ್ತೀಯಲ್ಲೋ!" ಚಿಗವ್ವ ಬೆನ್ನಿಗೆ ಗುದ್ದಿದಳು.

ಅತ್ತೆಯ ಎಡತುಟಿಯೊಂದೇ ನಕ್ಕಿತು.

ಎದ್ದು ಕೂತು, ಅದೇ ಸೊಟ್ಟ ಬಾಯಿಗೆ ಗಟ್ಟಿ ಅಂಬಲಿ ಇಟ್ಟುಕೊಂಡೆ. ತಲೆ ಹಿಂದಕ್ಕೆ ಚಾಚಿದರೆ ಕೆಮ್ಮು. ಗದ್ದ ಎದೆಗೊತ್ತಿ ನುಂಗಿದರೆ, ಗುಟುಕ್!

"ಚಿಗವ್ವಾ, ಗಂಗಾಜಲ ಅತ್ಲಾಗ ಇಡ. ಅಕಿ ಒಲ್ಲೆ ಅನ್ನಾಕತ್ತಿಲ್ಲ, ಮುಳಗಾಕತ್ತಾಳ!"

"ಹೆಚ್ಚುಕಡಿಮಿ ಆತಂದ್ರ ನಿನ್ನ ತಲಿಮ್ಯಾಲ ನೋಡ."

"ನನ್ನ ತಲಿಮ್ಯಾಲ ಇರ್ಲಿ. ಅಲ್ಲಿ ಜಾಗಾ ಭಾಳ ಖಾಲಿ ಐತಿ."

ವೈದ್ಯರು ಹೂಂ ಎಂದು ತಲೆಯಾಡಿಸಿದರು. ಅತ್ತೆಯನ್ನು ಲೋಡಿಗೆ ಆನಿಸಿ ಕೂರಿಸಿದೆವು. ಚಮಚದ ತುದಿಯಷ್ಟು ಅಂಬಲಿ ಅವಳಿಗೆ, ಅಷ್ಟೇ ನನಗೆ. ಎದುರು ಕೂತು ಗದ್ದ ಒತ್ತಿ ನುಂಗಿ ತೋರಿಸಿದೆ. ಜೀವಮಾನವೆಲ್ಲ ನಾನು ಅವಳನ್ನು ಅಣಕಿಸಿದ್ದೆ. ಅಂದು ಅವಳು ನನ್ನನ್ನು ಅಣಕಿಸಿದಳು. ಗಂಟಲು ಏರಿತು, ಇಳಿಯಿತು. ಕೆಮ್ಮಿಲ್ಲ. ಚಿಗವ್ವನೇ ಮೊದಲು ಚಪ್ಪಾಳೆ ಹೊಡೆದಳು.

ಜ್ವರ ಬಿಟ್ಟಿತು. ಬಲಗೈ ಇವತ್ತಿಗೂ ತಿರುಗಿ ಬಂದಿಲ್ಲ. ಮಾತು? ಒಂದು ಮುಂಜಾನೆ ಅಂಬಲಿ ನುಂಗಿ, ಮುಖ ಸಿಂಡರಿಸಿ, "ಮಂಗ್ಯಾ... ಉಪ್ಪ!" ಎಂದಳು. ಅಷ್ಟು ಇಂಪಾದ ಬೈಗುಳ ನಾನು ಕೇಳಿಲ್ಲ. ಅಂದಿನಿಂದ ಗಜೇಂದ್ರಗಡವೇ ನನ್ನ ಊರು.

ಅಂಬಲಿ ಇಳಿಸಿದೆ. ಹೊಸ್ತಿಲಲ್ಲಿ ಕೂತ ಅತ್ತೆ ಎಡಗೈಯ ಎರಡು ಬೆರಳನ್ನೇ ಕಾಲು ಮಾಡಿ ನನ್ನ ಕೊಕ್ಕರೆ ನಡಿಗೆ ಆಡಿ ತೋರಿಸುತ್ತಿದ್ದಾಳೆ. ಓಣಿ ಬಿದ್ದು ಬಿದ್ದು ನಗುತ್ತಿದೆ. ನನ್ನ ಯಾವ ಅಣಕಕ್ಕೂ ಇಷ್ಟು ನಗು ಬಿದ್ದದ್ದಿಲ್ಲ. ಹೊಟ್ಟೆಕಿಚ್ಚಿನಿಂದ ಇವತ್ತು ಅಂಬಲಿಗೆ ಉಪ್ಪು ಹಾಕದೆಯೇ ಕೊಡುತ್ತೇನೆ. ಬೈಯಲಿ, ಓಣಿಗೆಲ್ಲ ಕೇಳುವ ಹಾಗೆ.