ಮಾತು ಮುಗಿಯಿತೇ ಎಂದು ಕೇಳುವ ಕಂಪ್ಯೂಟರ್

೧೯೮೮ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ ನಾನು ಓದು ಬಿಟ್ಟೆ. ಬೀದರದಿಂದ ಸಿಕಂದರಾಬಾದಿಗೆ ಬಂದು ಸ್ಟೇಷನ್ ಎದುರಿನ ಲಾಡ್ಜಿನಲ್ಲಿ ಹಾಸಿಗೆ ಹಾಸಿದೆ, ಆಮೇಲೆ ಎಸ್‌ಟಿಡಿ ಬೂತಿನಲ್ಲಿ ಕೂತೆ. ಐಟಿ ಕಂಪನಿಗಳು ಒಂದರ ಹಿಂದೊಂದು ಏಳತೊಡಗಿದ ಕಾಲಕ್ಕೆ ಮಿಯಾಪುರದಲ್ಲಿ ನನ್ನದೇ ನೆಟ್ ಸೆಂಟರ್ ತೆರೆದೆ. ಆರು ಕಂಪ್ಯೂಟರ್, ಪ್ಲೈವುಡ್ಡಿನ ಆರು ಗೂಡು. ಬೆಳಿಗ್ಗೆ ಶಟರ್ ಎತ್ತುವ ಸದ್ದು ಬೀದಿಗೆಲ್ಲ ಕೇಳಲಿ ಎಂದೇ ಜೋರಾಗಿ ಎತ್ತುತ್ತಿದ್ದೆ.

ಗಿರಾಕಿಗಳಿಗೆ ಒಂದು ಕೆಟ್ಟ ಚಾಳಿಯಿತ್ತು. ತಮ್ಮ ಮೇಲ್ ತೆರೆದಿಟ್ಟು ಹಾಗೇ ಎದ್ದು ಹೋಗುವುದು, ಮುಂದಿನವರು ಕೂತು ಅದನ್ನು ಓದುವುದು. ಇದಕ್ಕೆ ಉಪಾಯ ಮಾಡಿಕೊಟ್ಟವರು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಮೈಸೂರಿನ ಇಂಜಿನಿಯರು. ಒಂದು ಪ್ರೋಗ್ರಾಂ ಬರೆದು ಅದರ ಹೊಟ್ಟೆಯೊಳಗೇ ಬ್ರೌಸರ್ ಕೂರಿಸಿದರು. ಗಿರಾಕಿ ಕಿಟಕಿ ಮುಚ್ಚಿದೊಡನೆ ನೋಡಿದ್ದು, ಬರೆದದ್ದು ಎಲ್ಲ ಅಳಿಸಿಹೋಗುತ್ತಿತ್ತು. ಅವರಿಗೆ ನಾನು ಕೊಟ್ಟದ್ದು ಭಾನುವಾರಗಳಂದು ನನ್ನ ಹೆಂಡತಿ ಬಡಿದ ಜೋಳದ ರೊಟ್ಟಿ, ಪುಂಡಿಪಲ್ಯ. ಅದು ಕಡಿಮೆಯೇನಲ್ಲ.

ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಪ್ರತಿ ಶುಕ್ರವಾರ ಬರುತ್ತಿದ್ದಳು. ಗಂಡ ದುಬೈಯಲ್ಲಿ ವೈರಿಂಗ್ ಕೆಲಸಗಾರ. ಇಬ್ಬರೂ ಕಂಪ್ಯೂಟರಿನಲ್ಲಿ ಮಾತಾಡುವರು. ದೊಡ್ಡ ಕಿಟಕಿಯಲ್ಲಿ ಮಾತು, ಅದರ ಮೇಲೆ ತೆರೆದುಕೊಳ್ಳುವ ಚಿಕ್ಕ ಕಿಟಕಿಯಲ್ಲಿ ಮುಖ. ಒಂದು ಶುಕ್ರವಾರ ಗೂಡಿನಿಂದ ಹೊರಗೆ ಬಂದವಳ ಕಣ್ಣು ತುಂಬಿತ್ತು.

"ಅಣ್ಣಾ, ಮತ್ತ ಎಲ್ಲಾ ಬಂದ್ ಆತು. ಸಿಟ್ಟಿಗೆದ್ದು ನಾನೇ ಕಟ್ ಮಾಡಿದೆ ಅಂತ ಅವರು ತಿಳ್ಕೊಂಡಾರ. ಈ ತಿಂಗಳ ಕಡೀಗೆ ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕ್ತಾರ. ಬ್ಯಾಡ ಅನ್ನಬೇಕು, ಹೇಳಾಕ ಹೋದಾಗೆಲ್ಲ ಇದು ಹಿಂಗ ಮಾಡ್ತೈತಿ."

"ಬೂತಿನಿಂದ ಫೋನ್ ಮಾಡು ತಂಗೀ."

"ಅಲ್ಲಿ ಮೀಟರ್ ಓಡೂದು ನೋಡಿದ್ರ ಬಾಯಿಗೆ ಮಾತೇ ಬರಂಗಿಲ್ಲ."

ಇಂಜಿನಿಯರನ್ನು ಕೆಳಗೆ ಕರೆದೆ. ಅವರು ಅವಳನ್ನು ಕೂರಿಸಿ, ಏನೇನು ಮಾಡುತ್ತೀರೋ ಹಾಗೇ ಮಾಡಿ ತೋರಿಸಿ ಎಂದರು. ಅವಳು ಚಿಕ್ಕ ಕಿಟಕಿ ತೆರೆದಳು, ಒಂದಿಷ್ಟು ಹೊತ್ತು ಬಿಟ್ಟು ಅದನ್ನು ಮುಚ್ಚಿದಳು. ಇಡೀ ಪ್ರೋಗ್ರಾಂ ಮಾಯ.

"ಅಯ್ಯೋ, ಮುಚ್ಚಿದ್ದು ಯಾವ ಕಿಟಕಿ ಅಂತ ನೋಡೋಕೆ ಪ್ರೋಗ್ರಾಮಿಗೆ ನಾನು ಹೇಳೇ ಇಲ್ಲ ಯಜಮಾನ್ರೇ. ಯಾವ್ದು ಮುಚ್ಚಿದ್ರೂ ಗಿರಾಕಿ ಎದ್ರು ಅಂತ ತಿಳ್ಕೊಂಡು ಒರೆಸಿಬಿಡುತ್ತೆ. ಅಲ್ಲ ಅಕ್ಕ, ಮಾತು ಮುಗಿಯೋ ಮುಂಚೆ ಮುಖ ಯಾಕೆ ಮುಚ್ತೀರಾ? ಅದರ ಪಾಡಿಗೆ ಬಿಡಿ."

"ಮಾರಿ ನೋಡ್ಕೋತ ಹ್ಯಾಂಗ ಹೇಳ್ಲಿ ಸಾಹೇಬ್ರ? ದೊಡ್ಡ ಮಾತು ಇದ್ರ ನಾವು ಬಾಗಿಲ ಹಿಂದ ನಿಂತು ಹೇಳ್ತೀವಿ."

ನನಗೆ ನನ್ನ ಅವ್ವನ ನೆನಪಾಯಿತು. ಎತ್ತು ಮಾರುವುದಾಗಲಿ, ಹೆಣ್ಣು ಕೊಡುವುದಾಗಲಿ, ಪಡಸಾಲೆಯಲ್ಲಿ ಗಂಡಸರು ಗದ್ದಲ ಮಾಡುತ್ತಿರುವಾಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಅವಳ ಒಂದು ಮಾತು ಬರುತ್ತಿತ್ತು. ಅಲ್ಲಿಗೆ ಪಂಚಾಯಿತಿ ಮುಗಿಯಿತು.

"ನಮ್ಮ ಹೆಣ್ಮಕ್ಕಳು ಬಾಗಿಲ ಮರೆಗೆ ನಿಂತ್ರ ನಿಮ್ಮ ಕಂಪ್ಯೂಟರ್ ಮನೀನೇ ಬಿಟ್ಟು ಹೋದ್ರು ಅಂತೈತಲ್ರೀ!" ಎಂದೆ.

"ಸಾಕು, ರೊಟ್ಟಿ ಕೊಟ್ಟು ಮಾತೂ ಕೇಳಿಸ್ತೀರಾ," ಎಂದು ನಕ್ಕು ಕೂತರು. ಎರಡು ಸಂಜೆ ಹಿಡಿಯಿತು. ಚಿಕ್ಕ ಕಿಟಕಿ ಮುಚ್ಚಿದರೆ ಅದೊಂದೇ ಹೋಗಬೇಕು. ದೊಡ್ಡದನ್ನು ಮುಚ್ಚಹೋದರೆ ಒಮ್ಮೆ ಕೇಳಿ ಆಮೇಲೆ ಒರೆಸಬೇಕು. ಏನೆಂದು ಕೇಳಬೇಕು ಎಂಬುದನ್ನು ನಾನು ಹೇಳಿದೆ: "ಮಾತು ಮುಗಿಯಿತೇ?" ಕೆಳಗೆ ಎರಡು ಗುಂಡಿ, "ಹೌದು", "ಇನ್ನೂ ಇದೆ". ಮೊದಲ ದಿನ "ಹೌದು" ಒತ್ತಿದರೂ ಅದು ಮತ್ತೆ ಮತ್ತೆ ಅದನ್ನೇ ಕೇಳತೊಡಗಿತು; ಗಿರಾಕಿಯೊಬ್ಬರು "ನಮ್ಮತ್ತೆ ಇದ್ದಂಗ ಐತಿ ಇದು" ಎಂದು ಎದ್ದುಹೋದರು. ಅದೂ ಸರಿಯಾಯಿತು.

ಶುಕ್ರವಾರ ಅವಳು ಬಂದಳು. ಇಂಜಿನಿಯರು ಆಫೀಸಿನಿಂದ ಬಂದವರು ಮೆಟ್ಟಿಲು ಹತ್ತದೆ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತರು. ಗೂಡಿನಲ್ಲಿ ಕಿಟಕಿ ಮುಚ್ಚಿದ ಕ್ಲಿಕ್ ಸದ್ದು. ನಾವಿಬ್ಬರೂ ಗೂಡಿನ ಕಡೆ ತಿರುಗಿದೆವು. ಆಮೇಲೆ ಪ್ಲೈವುಡ್ಡಿನಾಚೆಯಿಂದ ಅವಳ ದನಿ:

"ಕೇಳಾಕತ್ತೀರೇನ್ರಿ? ಸಹಿ ಹಾಕಬ್ಯಾಡ್ರಿ. ಬಂದುಬಿಡ್ರಿ. ಇಲ್ಲೇ ದುಡಿಯೋಣು."

ಗಂಡನ ಉತ್ತರ ಅವಳ ಕಿವಿಯ ಹೆಡ್‌ಫೋನಿಗೆ ಮಾತ್ರ ಗೊತ್ತು. ತುಸು ಹೊತ್ತಿನ ಮೇಲೆ ಕೂಗಿದಳು. "ಅಣ್ಣಾ, ಮಾತು ಮುಗೀತೇನು ಅಂತ ಕೇಳಾಕತ್ತೈತಿ!"

"ಮುಗದಿತ್ತಂದ್ರ ಹೌದು ಒತ್ತವಾ."

ಬಗ್ಗಿ ನೋಡಿದರೆ ಅವಳು "ಇನ್ನೂ ಇದೆ" ಒತ್ತಿ ಚಿಕ್ಕ ಕಿಟಕಿಯನ್ನು ಮತ್ತೆ ತೆರೆದಿದ್ದಳು. ಅದರಲ್ಲಿ ಒಬ್ಬ ಗಂಡಸು ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಆ ದಿನ ಅವಳು ಹೆಚ್ಚಿಗೆ ಕೂತ ಹೊತ್ತನ್ನು ನಾನು ಬಾಡಿಗೆಯ ಲೆಕ್ಕಕ್ಕೆ ಹಿಡಿಯಲಿಲ್ಲ.

ನೆಟ್ ಸೆಂಟರ್ ಎಂದೋ ಮುಚ್ಚಿತು. ಈಗ ನನಗಿರುವುದು ಮಿಯಾಪುರದಲ್ಲಿ ಎರಡು ಕೋಣೆಯ ಸ್ವಂತ ಮನೆ, ಒಂದು ಜೆರಾಕ್ಸ್ ಅಂಗಡಿ, ಎರಡು ಮಷಿನ್, ಆ ಪ್ರೋಗ್ರಾಂ ಇರುವ ಹಳೆಯ ಕಂಪ್ಯೂಟರ್ ಒಂದು, ಮತ್ತು ಪಕ್ಕದಲ್ಲಿ ಆ ಗಂಡ ಹೆಂಡತಿ ನಡೆಸುವ ಎಲೆಕ್ಟ್ರಿಕಲ್ ಅಂಗಡಿಗೂ ನಮಗೂ ಸೇರಿದ ಒಂದು ಗೋಡೆ.