ಜುಂಜಣ್ಣನ ಡೈನಮೊ

ಹಿರಿಯೂರಿನ ಟ್ಯಾಕ್ಸಿ ಜುಂಜಣ್ಣ ಕುರಿ ಸಾಕಿದ ಮನೆತನದವನು. ಕುರಿಯ ರೆಪ್ಪೆ ಎತ್ತಿ ನೋಡಿದಂತೆ ಕಾರಿನ ಕಾಯಿಲೆಯನ್ನೂ ಕಣ್ಣು ನೋಡಿಯೇ ಹೇಳುವವನು. ದಿನಾ ಮುಸ್ಸಂಜೆ ತನ್ನ ಅಂಬಾಸಿಡರನ್ನು ಹಟ್ಟಿಯ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ದೀಪ ಹಾಕಿ, ಎಂಜಿನ್ನನ್ನು ಗುರ್ ಎನ್ನಿಸುತ್ತಾನೆ. ದೀಪ ಮಂಕಾದರೆ, ಹಾರನ್ನು ಎಳೇಮರಿಯಂತೆ ಅರಚಿದರೆ, ಸ್ಟೇರಿಂಗಿನ ಮುಂದಿನ ಕೆಂಪು ದೀಪ ಆರದಿದ್ದರೆ ಬ್ಯಾಟರಿಗೆ ಕರೆಂಟು ತುಂಬುವ ಡೈನಮೊ ಕೆಟ್ಟಿತೆಂದೇ ಲೆಕ್ಕ. ಊಟದ ಹೊತ್ತಿಗೆ ಬೀದಿಯಲ್ಲಿ ಯಾರ ಕಾರು ಹೋದರೂ, "ಅದ್ರ ಬೆಲ್ಟು ಸಡ್ಲಾಗೈತೆ, ಹೊಳಲ್ಕೆರೆ ಮುಟ್ಟಲ್ಲ" ಎಂದು ಮುದ್ದೆಯ ತುತ್ತು ಹಿಡಿದೇ ತೀರ್ಪು ಕೊಡುತ್ತಾನೆ. ಬಸ್ಸು ಮಾತ್ರ ಹತ್ತಿದವನಲ್ಲ. "ಇನ್ನೊಬ್ನು ಓಡ್ಸೋ ಗಾಡೀಲಿ ಕುಂತ್ರೆ ಉಸ್ರು ಕಟ್ತೈತೆ" ಎನ್ನುತ್ತಾನೆ. ಈಚೆಗೆ ದಿನವೂ ಡೈನಮೊವನ್ನೇ ಬೈಯುತ್ತಿದ್ದಾನೆ. ಮಿಸ್ತ್ರಿ ಬಿಚ್ಚಿ ನೋಡಿ, "ಚೆನ್ನಾಗೈತೆ ಬಿಡಣ್ಣ" ಎಂದು ಎರಡು ಸಲ ಕಳಿಸಿದ. ಇವತ್ತೂ ಹಾರನ್ನು ಗಟ್ಟಿಯಾಗಿಯೇ ಕೂಗಿತು, ಕೆಂಪು ದೀಪವೂ ಆರಿತು. "ನೋಡೇ, ಬೆಳಕು ಎಷ್ಟು ಮಂಕಾಗೈತೆ" ಎಂದ ಜುಂಜಣ್ಣ. ಗೋಡೆಯ ಬಳಿ ನಿಂತಿದ್ದ ಹೆಂಡತಿ ಜಯಕ್ಕ, ಬೆಳಕು ತಾಳಲಾರದೆ ಕಣ್ಣಿಗೆ ಸೆರಗು ಅಡ್ಡ ಹಿಡಿದಿದ್ದಳು. ಸೆರಗು ಇಳಿಸದೆಯೇ, "ನಾಳೆ ದುರ್ಗದ ಕಣ್ಣಿನ ಡಾಕ್ಟ್ರ ತಾವ ಹೋಗಾಣ" ಎಂದಳು. "ಬಸ್ಸಿಗೆ ಹೋಗಾಣ."